ಬಾಗಿದ ಸೂರಿಗೆ ಚಿಮಣಿ

ನಮ್ಮೂರಿನಲ್ಲಿ ಮನೆಯ ಸೂರು ಮನುಷ್ಯರ ಕಡೆಗೆ ಬಾಗುತ್ತದೆ. ಯಾರು ಎಲ್ಲಿ ಹೆಚ್ಚು ಹೊತ್ತು ಇರುತ್ತಾರೋ ಅಲ್ಲಿ, ಅವರ ತಲೆಯ ಮೇಲೆ, ವರ್ಷ ಕಳೆದ ಹಾಗೆ ಒಂದಿಷ್ಟು ಕೆಳಗಿಳಿದು ನಿಲ್ಲುತ್ತದೆ. ಹೆಂಚಿನ ಮನೆಯಾದರೂ ಅಷ್ಟೆ, ತಾರಸಿ ಮನೆಯಾದರೂ ಅಷ್ಟೆ. ಎಲೆಕ್ಟ್ರಿಷಿಯನ್ನರು ಆಗಾಗ ಬಂದು ಫ್ಯಾನಿನ ಕಂಬಿ ಕತ್ತರಿಸಿ ಗಿಡ್ಡ ಮಾಡಿಕೊಟ್ಟು ಹೋಗುತ್ತಾರೆ. ಕ್ಷೌರದಂಗಡಿಯ ಚನ್ನಬಸು ಎತ್ತರದ ಗಿರಾಕಿ ಬಂದರೆ ಕುರ್ಚಿ ಬಿಟ್ಟು ಮಣೆ ಹಾಕಿ ಕೂರಿಸುತ್ತಾನೆ. ಮನೆ ಬಾಡಿಗೆಗೆ ಕೊಡುವವರು, ಮಲಗುವ ಮಂಚವನ್ನು ಆರು ತಿಂಗಳಿಗೊಮ್ಮೆ ಜಾಗ ಬದಲಿಸಬೇಕು ಅಂತ ಮೊದಲೇ ಮಾತು ತೆಗೆದುಕೊಳ್ಳುತ್ತಾರೆ. ಹೆಣ್ಣು ನೋಡಲು ಬಂದವರೂ ಉಪ್ಪಿಟ್ಟಿನ ತಟ್ಟೆ ಕೈಗೆ ಬರುವ ಮುಂಚೆ ಒಂದು ಸಲ ಕತ್ತೆತ್ತಿ ನೋಡುತ್ತಾರೆ. ಆ ಮನೆಯ ಜನ ಎಲ್ಲಿ ಕೂರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ಯಾರು ಯಾರ ಹತ್ತಿರ ಇರುತ್ತಾರೆ, ಎಲ್ಲ ಮೇಲೇ ಇರುತ್ತದಲ್ಲ. ಇದಕ್ಕೆ ನಾವು ಬಾಗು ಅನ್ನುತ್ತೇವೆ. ಬೇರೆ ಊರಿನವರಿಗೆ ಹೇಳಿದರೆ ನಗುತ್ತಾರೆ, ಆಮೇಲೆ ಬಂದು ನೋಡಿ ತಲೆ ತಗ್ಗಿಸಿಕೊಂಡು ಓಡಾಡುತ್ತಾರೆ.

ನನ್ನ ಹೆಸರು ದಾಕ್ಷಾಯಿಣಿ. ಬಸ್ ನಿಲ್ದಾಣದ ಎದುರು ಮಿರ್ಚಿ ಮಂಡಕ್ಕಿ ಅಂಗಡಿ ಇಟ್ಟಿರುವ ಗುರುಸಿದ್ದಪ್ಪನವರಿಗೆ ಎರಡನೆಯ ಹೆಂಡತಿಯಾಗಿ ಈ ಮನೆಗೆ ಬಂದವಳು ನಾನು. ಮೊದಲನೆಯವಳು ಸುಲೋಚನಾ ಯಾವುದೋ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಮಗಳು ಸ್ಫೂರ್ತಿ ಆಗ ಎರಡನೇ ಕ್ಲಾಸು. ಮದುವೆಯಾಗಿ ಒಳಗೆ ಕಾಲಿಟ್ಟ ದಿನವೇ ಪಕ್ಕದ ಮನೆಯ ನಿಂಬಕ್ಕ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋದಳು. ಒಲೆ ಎಲ್ಲಿ, ನೀರು ಎಲ್ಲಿ ಅಂತ ಅವಳೇನೂ ತೋರಿಸಲಿಲ್ಲ. ಮೇಲಕ್ಕೆ ಬೆರಳು ಮಾಡಿ, "ನೋಡವ್ವ, ಅದು ಸುಲೋಚನಂದು" ಅಂದಳು. ಒಲೆಯ ನೇರಕ್ಕೆ ಸೂರು ದೊಡ್ಡ ಕೊಪ್ಪರಿಗೆಯ ತಳದ ಹಾಗೆ ಗುಂಡಗೆ ಇಳಿದು ಬಂದಿತ್ತು. ಇಡೀ ಓಣಿಯಲ್ಲಿ ಅಷ್ಟು ದೊಡ್ಡ ಬಾಗು ಇನ್ನೊಂದಿರಲಿಲ್ಲವಂತೆ. ಸುಲೋಚನಾ ಗಿಡ್ಡ, ಅವಳಿಗೆ ಸರಿಯಾಗಿತ್ತು. ನಾನು ನಮ್ಮ ತವರಿನಲ್ಲೇ ಎಲ್ಲರಿಗಿಂತ ಉದ್ದ. ಒಲೆಯ ಮುಂದೆ ಒಂದು ಹೆಜ್ಜೆ ಇಟ್ಟೆ, ತಲೆ ಧಡ್ ಅಂತ ಹೊಡೆಯಿತು. ಬಾಗಿಲಲ್ಲಿ ನಿಂತಿದ್ದ ಸ್ಫೂರ್ತಿ ಕಿಸಕ್ಕನೆ ನಕ್ಕು, ನಗಬಾರದಿತ್ತು ಅನ್ನಿಸಿತೋ ಏನೋ, ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅವತ್ತಿನಿಂದ ನಾನು ಕುತ್ತಿಗೆಯನ್ನು ಎಡಕ್ಕೆ ವಾಲಿಸಿಕೊಂಡೇ ಅಡುಗೆ ಮಾಡಿದೆ. ಬೇಜಾರೇನೂ ಆಗಲಿಲ್ಲ, ರೂಢಿಯಾಯಿತು. ಸ್ಫೂರ್ತಿ ಪರೀಕ್ಷೆಯ ದಿನ ಕಟ್ಟೆ ಹತ್ತಿ ಬಾಗಿಗೆ ಅಂಗೈ ತಾಗಿಸಿ ಹೋಗುತ್ತಿದ್ದಳು. ನಾನು ಹಾಲಿನ ಪಾತ್ರೆ ಪಕ್ಕಕ್ಕಿಟ್ಟು ಅವಳ ಪಾದಕ್ಕೆ ಜಾಗ ಮಾಡಿಕೊಡುತ್ತಿದ್ದೆ. "ಹುಷಾರು, ಕಟ್ಟೆ ಜಾರುತ್ತೆ" ಅಂತ ಕೈ ಹಿಡಿದುಕೊಳ್ಳುತ್ತಿದ್ದೆ. "ಹೂಂ ಚಿಕ್ಕಮ್ಮ, ನೀವು ಕೈ ಬಿಡಿ" ಅನ್ನುತ್ತಿದ್ದಳು. ಅವಳು ನನಗೆ ಯಾವತ್ತೂ ಎದುರಾಡಿದವಳಲ್ಲ. ಊಟ ಬಡಿಸಿದರೆ ಸಾಕು ಅನ್ನುವವರೆಗೆ ತಿನ್ನುತ್ತಿದ್ದಳು, ತಲೆ ಬಾಚುತ್ತೇನೆ ಅಂದರೆ ಬಂದು ಕೂರುತ್ತಿದ್ದಳು. ಆದರೆ ಚೆನ್ನಾಗಿ ಬೆಳೆಸಿದ ಮಕ್ಕಳು ನೆಂಟರ ಮನೆಯಲ್ಲಿ ಇರುತ್ತಾರಲ್ಲ, ಹಾಗೆ ಇದ್ದಳು.

ನನ್ನ ಬಾಗು ಅಂತ ಆ ಮನೆಯಲ್ಲಿ ಎಲ್ಲೂ ಬೀಳಲಿಲ್ಲ. ನಿಂಬಕ್ಕ ಬಂದಾಗಲೆಲ್ಲ ಜೇಡರ ಬಲೆ ನೋಡುವವಳ ಹಾಗೆ ಮೂಲೆ ಮೂಲೆ ಕಣ್ಣಾಡಿಸಿ, "ಇನ್ನೂ ಬಿದ್ದಿಲ್ಲೇನವ್ವ?" ಅನ್ನುತ್ತಿದ್ದಳು. "ಇಲ್ಲ ಬಿಡು, ನನಗೆ ಅಷ್ಟು ಪುರಸೊತ್ತೆಲ್ಲಿ, ಒಂದು ಕಡೆ ನಿಲ್ಲೋಕೆ" ಅಂತ ನಗಾಡುತ್ತಿದ್ದೆ. ಅದು ಸುಳ್ಳು. ಬೆಳಗ್ಗೆ ಎದ್ದರೆ ನಾನು ನಿಲ್ಲುತ್ತಿದ್ದದ್ದು ಒಂದೇ ಕಡೆ, ಸುಲೋಚನಾಳ ಬಾಗಿನ ಕೆಳಗೆ. ಅಷ್ಟು ದೊಡ್ಡ ಬಾಗಿನಲ್ಲಿ ನನ್ನದು ಯಾವುದು ಅಂತ ಯಾರಿಗೆ ಕಾಣಬೇಕು? ಅಂಗಡಿಗೆ ಬೇಕಾದ ಖಾರದ ಪುಡಿ, ಮಸಾಲೆ, ಹುರಿದ ಶೇಂಗಾ ಎಲ್ಲ ನಾನೇ ಮಾಡಬೇಕಿತ್ತು. ಕಡ್ಡಿ ಮೆಣಸಿನಕಾಯಿ ಬಾಣಲೆಗೆ ಬಿದ್ದರೆ ಓಣಿಯ ನಾಯಿಗಳೂ ಸೀನುತ್ತಾ ಆಚೆ ಹೋಗುತ್ತಿದ್ದವು. ನಮ್ಮ ಅಡುಗೆಮನೆಯ ಮೂರು ಕಡೆ ಬೇರೆ ಕೋಣೆಗಳ ಗೋಡೆ. ಹಿತ್ತಲ ಕಡೆಯ ಗೋಡೆಗೆ ಇದ್ದದ್ದು ಒಂದೇ ಒಂದು ಸಣ್ಣ ಕಿಟಕಿ. ಘಾಟು ಮೇಲೇರಿ ಬಾಗಿನ ಸುತ್ತ ಸುತ್ತಿಕೊಂಡು, ಹೋಗಲು ದಾರಿ ಕಾಣದೆ ತಿರುಗಿ ನನ್ನ ಮುಖಕ್ಕೇ ಇಳಿಯುತ್ತಿತ್ತು.

ಸ್ಫೂರ್ತಿ ಕಾಲೇಜು ಸೇರಿದ ವರ್ಷ ನನಗೆ ಕೆಮ್ಮು ಹತ್ತಿತು, ಬರೀ ಕೆಮ್ಮು ಅಂದುಕೊಂಡೆ. ಆಮೇಲೆ ಎದೆಯೊಳಗೆ ಪೀಪಿ ಊದಿದ ಹಾಗೆ ಶಬ್ದ ಶುರುವಾಯಿತು. ಒಂದು ದಿನ ಮೆಣಸಿನಕಾಯಿ ಹುರಿಯುತ್ತ ಹುರಿಯುತ್ತ ಕಣ್ಣು ಕತ್ತಲೆ ಬಂದು ಗೋಡೆಗೆ ಒರಗಿ ಕೂತುಬಿಟ್ಟೆ. ಡಾಕ್ಟರಮ್ಮ ಬೆನ್ನ ಮೇಲೆ ಯಂತ್ರವಿಟ್ಟು ಬಹಳ ಹೊತ್ತು ಕೇಳಿದರು. "ಹುರಿಯೋದು ಬಿಡಿ. ಬಿಡೋಕೆ ಆಗಲ್ಲ ಅಂದ್ರೆ ಚಿಮಣಿ ಹಾಕಿಸಿ. ಎರಡೂ ಆಗಲ್ಲ ಅಂದ್ರೆ ನನ್ನ ಹತ್ರ ಬರಬೇಡಿ" ಅಂದರು. ಹುರಿಯುವುದು ಬಿಟ್ಟೂ ನೋಡಿದೆವು. ಹೊರಗಿನ ಪುಡಿ ಹಾಕಿದ ವಾರ ಗಿರಾಕಿಗಳು ಮಂಡಕ್ಕಿ ಅರ್ಧ ತಿಂದು, ಪೊಟ್ಟಣ ಮಡಚಿಟ್ಟು, ಏನೂ ಹೇಳದೆ ಎದ್ದು ಹೋದರು. ನಮ್ಮ ಯಜಮಾನರು ಮಾತು ಕಡಿಮೆಯ ಮನುಷ್ಯ. ಆ ಶನಿವಾರ ಪೇಟೆಗೆ ಹೋಗಿ ಒಂದು ಚಿಮಣಿ ಕೊಂಡು ತಂದರು. ಕಪ್ಪು ಗಾಜಿನ, ಅಂದವಾದ ಚಿಮಣಿ. ಅಳವಡಿಸಲು ಪಕ್ಕದ ಊರಿನಿಂದ ಉಮಾಪತಿ ಅನ್ನುವವನು ಬಂದ.

ಉಮಾಪತಿ ಒಳಗೆ ಬರುವಾಗಲೇ ತಲೆ ತಗ್ಗಿಸಿಕೊಂಡು ಬಂದ. ನಮ್ಮೂರಿನ ಡಾಕ್ಟರಮ್ಮನ ಮನೆಗೆ ಏಸಿ ಹಾಕಲು ಬಂದು, ಹಿಂದೊಮ್ಮೆ ಹಣೆಗೆ ಹೊಡೆಸಿಕೊಂಡಿದ್ದನಂತೆ. ಒಲೆಯ ಮುಂದೆ ನಿಂತು ಮೇಲೆ ನೋಡಿದವನು "ಅಬ್ಬ" ಅಂದ. ಟೇಪು ಹಿಡಿದು ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಅಳೆದ. ರಸಮಟ್ಟ ತೆಗೆದು ಸೂರಿಗೆ ಹಿಡಿದರೆ ಅದರೊಳಗಿನ ಗುಳ್ಳೆ ಓಡಿಹೋಗಿ ಮೂಲೆಗೆ ಅಂಟಿಕೊಂಡಿತು.

"ಅಮ್ಮಾ, ಒಲೆಯಿಂದ ಚಿಮಣಿಗೆ ಇಷ್ಟು ಅಂತರ ಬೇಕೇ ಬೇಕು. ಹತ್ತಿರ ಇಟ್ರೆ ಗಾಜು ಸಿಡಿಯುತ್ತೆ. ಅಷ್ಟು ಬಿಟ್ಟು ಮೇಲೆ ನೋಡಿದ್ರೆ ಚಿಮಣಿ ಕೂರೋಕೆ ಜಾಗಾನೇ ಇಲ್ಲ, ಒಂದು ಗೇಣು ಕಡಿಮೆ ಬೀಳುತ್ತೆ" ಅಂದ. "ಪಕ್ಕಕ್ಕೆ ಸರಿಸೋಣ ಅಂದ್ರೆ ಆ ಕಡೆ ನೀರಿನ ಪೈಪು, ಈ ಕಡೆ ಬಾಗಿಲು. ಈ ಉಬ್ಬನ್ನ ಕೆತ್ತಿ ಸಮ ಮಾಡಿಬಿಟ್ರೆ ಮಧ್ಯಾಹ್ನದೊಳಗೆ ಹಾಕಿಕೊಟ್ಟು ಹೋಗ್ತೀನಿ."

ಬಾಗು ಕೆತ್ತಬಾರದು ಅಂತೇನಿಲ್ಲ. ಮನೆ ಮಾರುವವರು ಕೆತ್ತಿಸುತ್ತಾರೆ, ಜಗಳವಾಡಿ ಬೇರೆಯಾದ ಅಣ್ಣತಮ್ಮಂದಿರು ಒಬ್ಬರದನ್ನೊಬ್ಬರು ಕೆತ್ತಿಸಿದ್ದೂ ಉಂಟು. ಆದರೆ ಒಮ್ಮೆ ಕೆತ್ತಿದ ಸೂರು ಆಮೇಲೆ ಯಾರಿಗೂ ಬಾಗುವುದಿಲ್ಲ. ಅದು ಎಲ್ಲರಿಗೂ ಗೊತ್ತಿರುವುದೇ. ಯಜಮಾನರು ನನ್ನ ಮುಖ ನೋಡಿದರು. ನಾನು ಚಿಮಣಿಯ ಡಬ್ಬ ನೋಡಿದೆ. "ಕೆತ್ತಲಿ ಬಿಡು" ಅಂತ ಅವರು ಮೆಲ್ಲಗೆ ಅಂದರು, ಯಾರಿಗೆ ಹೇಳಿದರೋ ಗೊತ್ತಾಗಲಿಲ್ಲ. ಉಮಾಪತಿ ಒಲೆಯ ಮೇಲೆ ಹಳೇ ಪೇಪರು ಹಾಸಿ, ಉಳಿ ಸುತ್ತಿಗೆ ತೆಗೆದಿಟ್ಟ.

ಅಷ್ಟರಲ್ಲಿ ಸ್ಫೂರ್ತಿ ಕಾಲೇಜಿನಿಂದ ಬಂದಳು. ಅವಳಿಗೆ ಏನನ್ನೂ ಹೇಳಬೇಕಾಗಲಿಲ್ಲ. ಪೇಪರು ನೋಡಿದಳು, ಉಳಿ ನೋಡಿದಳು, ಬ್ಯಾಗು ಹೆಗಲಿನಿಂದ ತೆಗೆಯದೆಯೇ ಬಂದು ಒಲೆಗೂ ಉಮಾಪತಿಗೂ ನಡುವೆ ನಿಂತಳು.

"ಅದನ್ನ ಮುಟ್ಟಬೇಡಿ."

"ಸ್ಫೂರ್ತಿ, ಚಿಕ್ಕಮ್ಮನಿಗೆ ಉಸಿರು..." ಅಂತ ಅವಳಪ್ಪ ಶುರು ಮಾಡಿದರು.

"ಗೊತ್ತಪ್ಪ. ನನಗೂ ಕೇಳಿಸುತ್ತೆ. ಆದ್ರೆ ನನ್ನ ಹತ್ರ ಅಮ್ಮನ ಒಂದು ಸೀರೆ ಇಲ್ಲ, ಎಲ್ಲ ಅವಳ ತವರಿನವರು ತಗೊಂಡು ಹೋದ್ರು. ಫೋಟೋದಲ್ಲಿ ಅವಳು ಬೇರೆ ಕಡೆ ನೋಡ್ತಿದ್ದಾಳೆ. ಮುಖ ನೆನಪಿಗೇ ಬರಲ್ಲ ನನಗೆ. ಇದೊಂದಿದೆ." ಆಮೇಲೆ ನನ್ನ ಕಡೆ ತಿರುಗಿದಳು. "ನಿಮಗೇನು ಚಿಕ್ಕಮ್ಮ, ಕೆತ್ತಿಸಿಬಿಡ್ತೀರ. ನಿಮ್ಮದಲ್ಲವಲ್ಲ ಅದು."

ಉಮಾಪತಿ ಉಳಿಯನ್ನು ಚೀಲಕ್ಕೆ ಹಾಕಿ, ಹಾಸಿದ ಪೇಪರನ್ನು ಮೊದಲಿದ್ದ ಹಾಗೇ ನಾಲ್ಕು ಮಡಿಕೆ ಮಡಚಿದ. ನಾನು ಕೊಟ್ಟ ಚಹಾವನ್ನು ಬಿಸಿಬಿಸಿಯಾಗಿಯೇ ನುಂಗಿ, "ನೀವು ಮನೆಯವ್ರು ಮಾತಾಡ್ಕೊಂಡು ಫೋನ್ ಮಾಡಿ" ಅಂತ ಹೇಳಿ ಹೊರಟುಹೋದ.

ನನಗೆ ಸಿಟ್ಟು ಬರಲಿಲ್ಲ ಅಂದರೆ ನಂಬುತ್ತೀರೋ ಇಲ್ಲವೋ. ಅವಳು ಹೇಳಿದ್ದರಲ್ಲಿ ಸುಳ್ಳೇನಿತ್ತು? ಅದು ನನ್ನದಲ್ಲ. ನನ್ನದು ಅಂತ ಎಲ್ಲೂ ಇರಲಿಲ್ಲ. ಆ ಮಾತು ಅವಳ ಬಾಯಿಂದ ಬಂತಲ್ಲ ಅನ್ನುವುದೊಂದು ಸಂಕಟ, ಅಷ್ಟೆ. ಪಾತ್ರೆ ತೊಳೆಯುತ್ತ ಮೇಲೆ ನೋಡಿ, "ಕೇಳಿದೆಯೇನಕ್ಕ ನಿನ್ನ ಮಗಳ ಮಾತು" ಅಂದೆ. ಸುಲೋಚನಾಳನ್ನು ನಾನು ಕಣ್ಣಲ್ಲಿ ನೋಡಿದವಳಲ್ಲ. ಆದರೆ ಅಷ್ಟು ವರ್ಷ ಒಂದೇ ಒಲೆಯ ಮುಂದೆ ನಿಂತ ಮೇಲೆ ಮಾತಾಡದೆ ಇರಲಿಕ್ಕಾಗುತ್ತದೆಯೇ? ಹಾಲು ಉಕ್ಕಿದರೆ "ಹೇಳಬಾರದಾಗಿತ್ತಾ ಅಕ್ಕ" ಅನ್ನುತ್ತಿದ್ದೆ. ಸ್ಫೂರ್ತಿ ದೊಡ್ಡವಳಾದ ದಿನ ಮೊದಲು ಹೇಳಿದ್ದೂ ಅವಳಿಗೇ.

ಮಾರನೆಯ ದಿನ ಯಜಮಾನರು ಹಿತ್ತಲಲ್ಲಿ ನಾಲ್ಕು ಕಂಬ ನೆಟ್ಟು, ಮೇಲೆ ತಗಡಿನ ಶೀಟು ಹೊದಿಸಿ, ಕೆಳಗೆ ಹಳೆಯ ಮೇಜಿನ ಮೇಲೆ ಒಲೆ ಇಟ್ಟುಕೊಟ್ಟರು. ತಗಡು ಯಾರಿಗೂ ಬಾಗುವುದಿಲ್ಲ. ಅಲ್ಲಿ ಉಸಿರಿಗೆ ಕಷ್ಟವಿರಲಿಲ್ಲ, ಉಳಿದದ್ದೆಲ್ಲ ಕಷ್ಟವೇ. ಗಾಳಿ ಬಂದರೆ ಉರಿ ಆರುತ್ತಿತ್ತು, ಬಿಸಿಲು ಏರಿದರೆ ತಗಡು ಕಾದು ತಲೆ ಸಿಡಿಯುತ್ತಿತ್ತು, ಒಣಗಲು ಹಾಕಿದ ಶೇಂಗಾ ಕಾಗೆ ಪಾಲು. ಒಂದು ದಿನ ನಿಂಬಕ್ಕ ಕಾಂಪೌಂಡಿನ ಮೇಲಿಂದ ಇಣುಕಿ, "ಅಲ್ಲ ದಾಕ್ಷಾಯಿಣಿ, ಅಲ್ಲಿ ಏನೂ ಅಡ್ಡ ಇಲ್ಲವಲ್ಲ, ಯಾಕವ್ವ ಹಂಗೆ ವಾರೆ ನಿಂತೀಯ?" ಅಂದಳು. ಆಗ ನನಗೂ ಗೊತ್ತಾಯಿತು. ಬಟಾಬಯಲಿನಲ್ಲೂ ನಾನು ಕುತ್ತಿಗೆ ಎಡಕ್ಕೆ ಹಾಕಿಕೊಂಡೇ ನಿಂತಿದ್ದೆ. ನೆಟ್ಟಗೆ ನಿಂತು ನೋಡಿದೆ. ಉಪ್ಪು ಎಷ್ಟು ಹಾಕಬೇಕು ಅನ್ನುವುದೇ ಅಂದಾಜಿಗೆ ಸಿಗಲಿಲ್ಲ. ಮತ್ತೆ ವಾಲಿಸಿಕೊಂಡೆ. ಹಿತ್ತಲ ಮೆಟ್ಟಿಲ ಮೇಲೆ ಪುಸ್ತಕ ಹಿಡಿದು ಕೂತಿದ್ದ ಸ್ಫೂರ್ತಿ ಅದನ್ನೆಲ್ಲ ನೋಡುತ್ತಿದ್ದಳು. ಎದ್ದು ಹೋಗಿ ಒಂದು ಚೊಂಬು ನೀರು ತಂದು ಮೇಜಿನ ಮೇಲಿಟ್ಟು ಒಳಗೆ ಹೋದಳು.

ಹೀಗೆ ಬೇಸಿಗೆ ಕಳೆಯಿತು. ಮೊದಲ ಮಳೆ ಬಿದ್ದ ದಿನ ಗಾಳಿಗೆ ತಗಡಿನ ಒಂದು ಶೀಟು ಎದ್ದುಹೋಯಿತು. ಅಂಗಡಿಯಲ್ಲಿ ಖಾರದ ಪುಡಿ ಮುಗಿದಿತ್ತು, ಮರುದಿನ ಸಂತೆ. ಒಂದೇ ಒಂದು ಬಾಣಲೆಯಷ್ಟು ಹುರಿದರೆ ಏನಾಗುತ್ತದೆ ಅಂತ ಒಲೆಯನ್ನು ಒಳಗೆ ತಂದಿಟ್ಟೆ. ಕಿಟಕಿಯಿಂದ ಎರಚಲು ಬರುತ್ತಿತ್ತು, ಮುಚ್ಚಿದೆ. ಮೆಣಸಿನಕಾಯಿ ಕೆಂಪು ತಿರುಗಿ ಕಪ್ಪಾಗುವ ಮುಂಚೆಯೇ ನನ್ನ ಎದೆ ಕಟ್ಟಿತು. ಈ ಸಲ ಪೀಪಿಯ ಶಬ್ದವೂ ಇಲ್ಲ. ಗಾಳಿ ಒಳಗೂ ಹೋಗಲೊಲ್ಲದು, ಹೊರಗೂ ಬರಲೊಲ್ಲದು. ಕೈಗೆ ಸಿಕ್ಕ ಲೋಟ ಕೆಳಗೆ ಬೀಳಿಸಿದೆ, ಯಾರಾದರೂ ಬರಲಿ ಅಂತ.

ಸ್ಫೂರ್ತಿ ಓಡಿ ಬಂದಳು. ಒಲೆ ಆರಿಸಿದ್ದು, ನನ್ನನ್ನು ತಬ್ಬಿ ಎಬ್ಬಿಸಿದ್ದು, ಮಳೆಯಲ್ಲಿ ಬರಿಗಾಲಲ್ಲಿ ರಸ್ತೆಗೆ ಓಡಿ ಆಟೋ ತಡೆದದ್ದು, ಎಲ್ಲ ನನಗೆ ತುಂಡು ತುಂಡಾಗಿ ನೆನಪಿದೆ. ಆಟೋದಲ್ಲಿ ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಕೂತಿದ್ದಳು. "ನೀನು ಮಾತಾಡಬೇಡ. ನೀನು ಸುಮ್ಮನೆ ಉಸಿರು ತಗೋ. ನನ್ನ ಜೊತೆ ತಗೋ, ಹಾಂ, ಬಿಡು. ಕಣ್ಣು ಮುಚ್ಚಬೇಡ ನೀನು, ನನ್ನೇ ನೋಡು" ಅನ್ನುತ್ತಿದ್ದಳು. ಆ ಸ್ಥಿತಿಯಲ್ಲೂ ನನ್ನ ಕಿವಿಗೆ ಬಿದ್ದದ್ದು ಅದೊಂದೇ. ನೀನು ಅಂದಳಲ್ಲ. ಎರಡನೇ ಕ್ಲಾಸಿನಿಂದ ಒಂದು ದಿನವೂ ಅಂದವಳಲ್ಲ.

ಆಸ್ಪತ್ರೆಯಲ್ಲಿ ಮೂಗಿಗೆ ಹೊಗೆಯಂಥ ಔಷಧಿ ಹಿಡಿಸಿ, ಎರಡು ದಿನ ಇರಿಸಿಕೊಂಡು ಕಳಿಸಿದರು. ಡಾಕ್ಟರಮ್ಮ ನನಗೆ ಬಯ್ಯಲಿಲ್ಲ, ನಮ್ಮ ಯಜಮಾನರನ್ನು ಹೊರಗೆ ಕರೆದು ಬಯ್ದರು. ಮನೆಗೆ ಬಂದವಳೇ ಸ್ಫೂರ್ತಿ ಅಡುಗೆಮನೆಯಲ್ಲಿ ಕಟ್ಟೆಗೆ ಒರಗಿ ನಿಂತು, ಮೇಲೆ ನೋಡದೆ, "ಉಮಾಪತಿಯವರಿಗೆ ಫೋನ್ ಮಾಡಿದೀನಿ. ಬಂದು ಕೆತ್ತಲಿ" ಅಂದಳು.

"ಬೇಡ" ಅಂದೆ ನಾನು.

"ಬೇಡ ಅಂದ್ರೆ?"

"ಬೇಡ ಅಂದ್ರೆ ಬೇಡ. ಅಕ್ಕನ್ನ ಕೆತ್ತಿ ನಾನು ಉಸಿರಾಡೋದು ಬೇಡ."

"ಆಟೋದಲ್ಲಿ ನಿನ್ನ ತುಟಿ ನೀಲಿ ಆಗಿತ್ತು, ಗೊತ್ತಾ? ನಾನು ನೋಡಿದೀನಿ ಅದನ್ನ. ಇನ್ನೊಂದು ಸಲ ನೋಡೋಕೆ ನನ್ನ ಕೈಲಿ ಆಗಲ್ಲ." ಮೇಲಕ್ಕೆ ಬೆರಳು ಮಾಡಿದಳು. "ಅವಳು ಇಲ್ಲ. ನೀನು ಇದೀಯ."

"ಇಲ್ಲ ಅನ್ನಬೇಡ. ನನಗೆ ಈ ಮನೇಲಿ ಮೊದಲು ಜೊತೆ ಅಂತ ಸಿಕ್ಕಿದ್ದೇ ಅವಳು" ಅಂದೆ. ಇದನ್ನು ಅಲ್ಲಿಯವರೆಗೆ ನಾನು ಯಾರಿಗೂ ಹೇಳಿರಲಿಲ್ಲ. "ನೀನು ಶಾಲೆಗೆ, ನಿಮ್ಮಪ್ಪ ಅಂಗಡಿಗೆ. ಇಡೀ ದಿನ ನಾನು ಯಾರ ಹತ್ರ ಇದ್ದೆ ಅಂದ್ಕೊಂಡಿದೀಯ? ಕುತ್ತಿಗೆ ಬಗ್ಗಿಸಿ ಬಗ್ಗಿಸಿ ನನಗೆ ಅವಳ ಅಂಚು ಎಲ್ಲೆಲ್ಲಿದೆ ಅಂತ ಕಣ್ಣು ಮುಚ್ಚಿದ್ರೂ ಗೊತ್ತಾಗುತ್ತೆ. ಅದು ಹೋದ್ರೆ ನಾನು ಎಲ್ಲಿ ನಿಲ್ಲಬೇಕು ಅನ್ನೋದೇ ನನಗೆ ತಿಳಿಯಲ್ಲ."

ಸ್ಫೂರ್ತಿ ಅಳುತ್ತಿದ್ದಳೋ ಸಿಟ್ಟಾಗಿದ್ದಳೋ, ಎರಡೂ ಇರಬಹುದು. "ಹಾಗಾದ್ರೆ ಏನು ಮಾಡೋದು ಹೇಳು!" ಅಂತ ಕೂಗಿದಳು.

ನಮ್ಮ ಯಜಮಾನರು ಅಂಗಡಿಗೆ ಹೊರಟವರು, ಮಂಡಕ್ಕಿ ಚೀಲ ಹೆಗಲ ಮೇಲೆ ಹೊತ್ತುಕೊಂಡೇ ಬಾಗಿಲಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ನಿಂತಿದ್ದರೋ ನಾವಿಬ್ಬರೂ ನೋಡಿರಲಿಲ್ಲ.

"ಒಲೆ ಕೆಳಗಿಳಿಸಿದ್ರೆ?" ಅಂದರು.

ಇಬ್ಬರೂ ತಿರುಗಿದೆವು.

"ನಾನು ಅಂಗಡೀಲಿ ಕೂತ್ಕೊಂಡೇ ಅಲ್ವಾ ಮಿರ್ಚಿ ಕರಿಯೋದು? ಇಲ್ಲೂ ಕಟ್ಟೆ ಒಡೆದು ಒಲೇನ ಮೊಣಕಾಲ ಎತ್ತರಕ್ಕೆ ಇಟ್ರೆ, ಮೇಲೆ ಜಾಗ ತಾನಾಗೇ ಸಿಗುತ್ತಲ್ಲ. ದಾಕ್ಷಾಯಿಣಿ ಸ್ಟೂಲ್ ಹಾಕ್ಕೊಂಡು ಕೂರಲಿ. ಕುತ್ತಿಗೇನೂ ನೆಟ್ಟಗಿರುತ್ತೆ." ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿದರು. "ಎಲ್ರೂ ಮೇಲೇ ನೋಡ್ತಿದೀರಲ್ಲ ಅಂತ ಹೇಳಿದೆ."

"ಇಷ್ಟು ದಿನ ಯಾಕೆ ಹೇಳಲಿಲ್ಲ ನೀವು?" ಅಂದೆ.

"ಈಗ ಹೊಳೀತು" ಅಂದರು. ಹೇಳಿ ಅಂಗಡಿಗೆ ಹೋದರು.

ಅಷ್ಟು ಸುಲಭವೇನೂ ಆಗಲಿಲ್ಲ ಅದು. ಗಾರೆಯವನು ಬಂದು ಕಡಪ ಕಲ್ಲು ತೆಗೆದು ಕಟ್ಟೆ ಒಡೆದು ತಗ್ಗು ಮಾಡುವಾಗ ಅರ್ಧ ಅಡುಗೆಮನೆಯೇ ಬಿಚ್ಚಿಬಂತು. ಸಿಲಿಂಡರು ಒಲೆಗಿಂತ ಕೆಳಗಿರಬೇಕು ಅಂದರು ಗ್ಯಾಸಿನವರು, ಅದನ್ನು ಗೋಡೆಯಾಚೆ ಹಿತ್ತಲಿನ ತಗ್ಗಿಗೆ ಸಾಗಿಸಬೇಕಾಯಿತು. ಅಷ್ಟೂ ದಿನ ನಿಂಬಕ್ಕನ ಮನೆಯಿಂದ ಸಾರು ಬಂತು, ಜೊತೆಗೆ ನಿಂಬಕ್ಕನೂ ಬಂದಳು. "ಕೂತು ಅಡುಗೆ ಮಾಡೋದಂತೆ! ನಮ್ಮ ಅಜ್ಜಿ ಕಾಲಕ್ಕೆ ಹೋದ್ರಿ ಬಿಡ್ರಿ" ಅಂತ ಓಣಿಗೆಲ್ಲ ಸುದ್ದಿ ಹಂಚಿದಳು.

ಉಮಾಪತಿ ಬಂದು ನೋಡಿ, ತಲೆ ಕೆರೆದುಕೊಂಡು, ಆಗಬಹುದು ಅಂದ. ಚಿಮಣಿಯನ್ನು ನಾಲ್ಕು ಕಂಬಿಗಳಿಂದ ಸೂರಿಗೆ ತೂಗುಹಾಕುವುದು ಅಂತಾಯಿತು. ಮೊದಲ ಸಲ ನಾಲ್ಕೂ ಕಂಬಿ ಒಂದೇ ಉದ್ದ ಕತ್ತರಿಸಿ ತಂದಿದ್ದ. ತೂಗುಹಾಕಿದರೆ ಚಿಮಣಿ ಕುಡಿದವನ ಹಾಗೆ ಒಂದು ಕಡೆ ವಾಲಿತು. ಇಳಿಸಿದ. ಒಂದು ಕಂಬಿ ಕತ್ತರಿಸಿದ, ಇನ್ನೊಂದಕ್ಕೆ ತುಂಡು ಸೇರಿಸಿದ, ಮತ್ತೆ ಏರಿಸಿದ. ಈ ಸಲ ಇನ್ನೊಂದು ಕಡೆ ವಾಲಿತು. "ನಿಮ್ಮೂರಲ್ಲಿ ಸಂಸಾರ ಹೇಗೆ ಮಾಡ್ತೀರಪ್ಪ" ಅಂತ ಬೆವರು ಒರೆಸಿಕೊಂಡ.

ಅದಕ್ಕೂ ಮುಂಚೆ, ಸೂರಿಗೆ ತೂತು ಕೊರೆಯುವಾಗ ಸ್ಫೂರ್ತಿ ಅಲ್ಲೇ ನಿಂತಿದ್ದಳು. ಮೂರು ತೂತು ಬಾಗಿನಿಂದ ದೂರ, ಚಪ್ಪಟೆಯಿರುವ ಕಡೆಯೇ ಬಿದ್ದವು. ನಾಲ್ಕನೆಯದಕ್ಕೆ ಬೇರೆ ದಾರಿಯಿರಲಿಲ್ಲ. ಬಾಗು ಶುರುವಾಗುವ ಅಂಚಿಗೇ ಹಾಕಬೇಕು. ಉಮಾಪತಿ ಡ್ರಿಲ್ ಹಿಡಿದುಕೊಂಡು ಏಣಿಯ ಮೇಲಿಂದ ಅವಳನ್ನು ನೋಡಿದ. ಅವಳು ನನ್ನನ್ನು ನೋಡಿದಳು. ಸ್ಫೂರ್ತಿ ಹೋಗಿ ಏಣಿಯನ್ನು ಎರಡೂ ಕೈಯಿಂದ ಗಟ್ಟಿಯಾಗಿ ಹಿಡಿದು, ಕಣ್ಣು ಮುಚ್ಚಿ, "ಹಾಕಿ" ಅಂದಳು. ಡ್ರಿಲ್ಲು ಗುರ್ ಅಂತು. ಬಿಳಿಯ ಪುಡಿ ಸಣ್ಣಗೆ ಉದುರಿ ಅವಳ ತಲೆಯ ಮೇಲೆ, ಹುಬ್ಬಿನ ಮೇಲೆ ಕೂತಿತು. ಅವತ್ತು ಸಂಜೆಯವರೆಗೆ ಅವಳು ಆ ಪುಡಿ ಕೊಡವಿಕೊಳ್ಳಲಿಲ್ಲ.

ಕಂಬಿ, ಪೈಪು ಎಲ್ಲ ಕಾಣದ ಹಾಗೆ ಮೇಲೆ ಒಂದು ತಗಡಿನ ಮುಚ್ಚಳ ಬರಬೇಕಿತ್ತು. ಅದರ ಮೇಲಂಚು ಸೂರಿಗೆ ಅಂಟಿಕೊಂಡು ಕೂರಬೇಕಾದರೆ ಬಾಗಿನ ಆಕಾರಕ್ಕೇ ಕತ್ತರಿಸಬೇಕು. ಚಿಮಣಿ ಬಂದಿದ್ದ ರಟ್ಟಿನ ಡಬ್ಬ ಒಡೆದು, ಅದರ ತುಂಡಿನಿಂದ ಮೊದಲು ಅಚ್ಚು ತೆಗೆಯೋಣ ಅಂದ ಉಮಾಪತಿ. ಆ ಕೆಲಸವನ್ನು ಸ್ಫೂರ್ತಿ ತಾನೇ ಮಾಡುತ್ತೇನೆ ಅಂತ ಏಣಿ ಹತ್ತಿದಳು. ರಟ್ಟನ್ನು ಸೂರಿಗೆ ಒತ್ತಿ ಹಿಡಿಯುವುದು, ಪೆನ್ಸಿಲಿನಿಂದ ಗೆರೆ ಎಳೆಯುವುದು, ಇಳಿದು ಬಂದು ಕತ್ತರಿಸುವುದು, ಮತ್ತೆ ಹತ್ತುವುದು. ನಾನು ಕೆಳಗಿನಿಂದ, "ಅಲ್ಲಿ ಬೆಳಕು ಕಾಣ್ತಿದೆ, ಇನ್ನೂ ಸ್ವಲ್ಪ ಇಳಿಸು" ಅನ್ನುತ್ತಿದ್ದೆ. "ಎಡಕ್ಕೆ ಒಂದು ಸಣ್ಣ ಗಂಟಿನ ಹಾಗಿದೆ ನೋಡು, ಅಲ್ಲಿ ಗುಂಡಗೆ ಕತ್ತರಿಸು." ಅವಳು ಕೈಯಿಂದ ತಡವಿ ನೋಡಿ, "ಹೌದಲ್ಲ! ನನಗೆ ಇದು ಗೊತ್ತೇ ಇರಲಿಲ್ಲ" ಅಂದಳು. ಅದು ನನ್ನ ತಲೆಗೆ ಎಷ್ಟು ಸಲ ಹೊಡೆದಿತ್ತು ಅಂತ ನನಗೆ ಗೊತ್ತು. ಮಧ್ಯಾಹ್ನ ಊಟವನ್ನೂ ಮರೆತು ಇಬ್ಬರೂ ಅದನ್ನೇ ಮಾಡಿದೆವು. ಕೊನೆಗೆ ರಟ್ಟು ಸೂರಿಗೆ ಹೇಗೆ ಕೂತಿತು ಅಂದರೆ ಒಂದು ಕೂದಲೂ ತೂರುವಂತಿರಲಿಲ್ಲ.

ಚಿಮಣಿ ಏರಿತು. ಉಮಾಪತಿ ರಸಮಟ್ಟ ಅದರ ಮೇಲಿಟ್ಟ. ಗುಳ್ಳೆ ಆ ಕಡೆ ಈ ಕಡೆ ಹೊರಳಾಡಿ ನಡುವೆ ಬಂದು ನಿಂತುಕೊಂಡಿತು. ಮೇಲೆ ಸೂರು ತನ್ನ ಪಾಡಿಗೆ ಬಾಗಿಕೊಂಡೇ ಇತ್ತು, ಕೆಳಗೆ ಚಿಮಣಿ ನೆಟ್ಟಗಿತ್ತು. ಹೊರಡುವಾಗ ಉಮಾಪತಿ ಕಂಬಿಗಳ ತುದಿ ತೋರಿಸಿ, "ನಟ್ಟು ತಿರುಗಿಸೋಕೆ ಇಷ್ಟು ಜಾಗ ಬಿಟ್ಟಿದೀನಿ. ಸೂರು ಇನ್ನೂ ಇಳಿದ್ರೆ ಫೋನ್ ಮಾಡಿ, ಬಂದು ಮೇಲಕ್ಕೆ ಎಳೆದುಕೊಡ್ತೀನಿ" ಅಂದ.

"ಇನ್ನು ಯಾರಿಗೆ ಅಂತ ಇಳಿಯುತ್ತೆ ಅದು?" ಅಂದೆ.

"ನೀವು ಇಲ್ಲೇ ಕೂತಿರ್ತೀರಲ್ಲಮ್ಮ" ಅಂತ ಅವನು ಚೀಲ ಎತ್ತಿಕೊಂಡ.

ಮಾರನೆಯ ದಿನ ಭಾನುವಾರ. ಬೆಳಗ್ಗೆಯೇ ಸ್ಟೂಲು ಹಾಕಿಕೊಂಡು ಒಲೆಯ ಮುಂದೆ ಕೂತೆ. ಚಿಮಣಿಯ ಗುಂಡಿ ಒತ್ತಿದರೆ ದೂರದಲ್ಲಿ ಬಸ್ಸು ನಿಂತುಕೊಂಡು ಗುರುಗುಟ್ಟುವ ಹಾಗೆ ಶಬ್ದ. ಬಾಣಲೆ ಕಾದ ಮೇಲೆ ಎರಡು ಹಿಡಿ ಮೆಣಸಿನಕಾಯಿ ಹಾಕಿದೆ. ಸ್ಫೂರ್ತಿ ಎದುರಿಗೆ ನೆಲದ ಮೇಲೆ ಮೊಣಕಾಲು ತಬ್ಬಿಕೊಂಡು, ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು. ಹೊಗೆ ಎದ್ದಿತು. ನನ್ನ ಮುಖದ ಕಡೆ ಬರುವ ಹಾಗೆ ಮಾಡಿ, ಯಾರೋ ಜುಟ್ಟು ಹಿಡಿದು ಎಳೆದ ಹಾಗೆ ಸರ್ರನೆ ಮೇಲೆ ಹೋಯಿತು. ಮೆಣಸಿನಕಾಯಿ ಗರಿಗರಿಯಾಯಿತು, ತೆಗೆದೆ, ಇನ್ನೆರಡು ಹಿಡಿ ಹಾಕಿದೆ. ಕೆಮ್ಮು ಬರಲಿಲ್ಲ. ಹಿತ್ತಲಲ್ಲಿ ಮಾತ್ರ ನಿಂಬಕ್ಕ ಬಡಬಡನೆ ಸೀನಿದ್ದು ಕೇಳಿಸಿತು.

ಆ ಅಡುಗೆಮನೆಯಲ್ಲಿ ಮೊದಲೆಲ್ಲ ಘಾಟಿಗೆ ಯಾರೂ ನಿಲ್ಲುತ್ತಿರಲಿಲ್ಲ. ಊಟದ ತಟ್ಟೆ ಹಿಡಿದು ಎಲ್ಲರೂ ಪಡಸಾಲೆಗೆ ಹೋಗುತ್ತಿದ್ದರು. ಅವತ್ತು ಯಜಮಾನರು ಕಾಫಿ ಲೋಟ ಹಿಡಿದುಕೊಂಡು ಒಳಗೆ ಬಂದು, ಚಿಮಣಿಗೆ ಒಂದು ಸುತ್ತು ಹಾಕಿ ನೋಡಿ, ಅಲ್ಲೇ ಅಕ್ಕಿ ಡಬ್ಬದ ಮೇಲೆ ಕೂತರು. ನಾನು ಬಾಣಲೆ ಒರೆಸಿ ಶೇಂಗಾ ಹಾಕಿದೆ. ಮೂವರೂ ಕೂತಿದ್ದೆವು, ಮೂವರಿಗೂ ಬಾಗು ನೆತ್ತಿಯ ಮೇಲೆ ಎಷ್ಟೋ ಮೇಲಿತ್ತು. ಅದನ್ನು ನಾನು ಅಷ್ಟು ದೂರದಿಂದ, ಇಡಿಯಾಗಿ, ನೆಟ್ಟಗೆ ಕೂತು ನೋಡಿದ್ದು ಅದೇ ಮೊದಲು. ಯಾಕೋ ಆ ಹೊತ್ತಿನಲ್ಲಿ 'ಕೇಳಿಬಿಡೋಣ' ಅನ್ನಿಸಿತು.

"ಒಂದು ಮಾತು ಕೇಳ್ತೀನಿ. ಬೇಜಾರು ಮಾಡ್ಕೋಬೇಡಿ" ಅಂದೆ. "ಅಕ್ಕ ಅಡುಗೆ ಹೇಗೆ ಮಾಡ್ತಿದ್ಲು?"

ಯಜಮಾನರು ಕಾಫಿ ಲೋಟ ಕೆಳಗಿಟ್ಟರು. ಮೇಲೆ ನೋಡಿದರು. ಮಗಳ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಅವರ ಬಾಯಿಂದ ಅವಳ ಬಗ್ಗೆ ಒಂದು ಮಾತು ಬಂದದ್ದಿಲ್ಲ, ನಾವು ಕೇಳಿದ್ದೂ ಇಲ್ಲ.

"ಅವಳಿಗೆ ಅಡುಗೇನೇ ಬರ್ತಿರಲಿಲ್ಲ" ಅಂದರು.

"ಅಪ್ಪಾ!" ಅಂದಳು ಸ್ಫೂರ್ತಿ.

"ನಿಜ ಕಣವ್ವ. ಅನ್ನ ಒಂದು ಕಡೆ ಸೀದಿರೋದು, ಇನ್ನೊಂದು ಕಡೆ ಅಕ್ಕಿ ಅಕ್ಕಿ ಇರೋದು. ಬೇಳೆಗೆ ನೀರು ಹಾಕೋದು ಮರೀತಿದ್ಲು, ಆಮೇಲೆ ನೆನಪಾಗಿ ಎರಡು ಸಲ ಹಾಕ್ತಿದ್ಲು. ಒಂದು ಸಾರು ಮಾಡೋಕೆ ಬೆಳಗ್ಗೆ ಒಲೆ ಮುಂದೆ ನಿಂತ್ರೆ ಮಧ್ಯಾಹ್ನ ಆಗೋದು. ಚೆಲ್ಲೋದು, ಮತ್ತೆ ಮಾಡೋದು. ಇನ್ನೇನಾಗುತ್ತೆ? ಅಷ್ಟು ಹೊತ್ತು ನಿಂತ್ರೆ ಸೂರು ಇಳೀದೆ ಬಿಡುತ್ತಾ?"

"ನೀವು ಏನೂ ಅನ್ನುತ್ತಿರಲಿಲ್ಲವಾ?" ಅಂದೆ.

"ಚೆನ್ನಾಗಿದೆ ಅಂತಿದ್ದೆ. ಅಂಗಡಿಗೆ ಹೋಗಿ ಮಂಡಕ್ಕಿ ತಿಂತಿದ್ದೆ."

ಮೊದಲು ನಕ್ಕದ್ದು ಸ್ಫೂರ್ತಿ. ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ ಅವಳು, ತಲೆ ಹಿಂದಕ್ಕೆ ಹಾಕಿ ನಕ್ಕಳು. ನನಗೆ ತಡೆಯಲಿಕ್ಕಾಗಲಿಲ್ಲ. ಓಣಿಯಲ್ಲೇ ದೊಡ್ಡ ಬಾಗು, ಎಂಥ ಕೈಗುಣವಿತ್ತೋ ಅಂದುಕೊಂಡು ನಾನು ಆ ಒಲೆಯ ಮುಂದೆ ಎಷ್ಟು ದಿನ ಅಂಜಿಕೊಂಡು ಒಗ್ಗರಣೆ ಹಾಕಿದ್ದೆ! ನಕ್ಕು ನಕ್ಕು ಕೆಮ್ಮು ಬಂತು. ಸ್ಫೂರ್ತಿ ಗಾಬರಿಯಾಗಿ ಎದ್ದು ನನ್ನ ಬೆನ್ನು ಹಿಡಿದಳು. "ಏನಿಲ್ಲ, ಏನಿಲ್ಲ" ಅಂತ ಕೈಯಾಡಿಸಿದೆ. "ನಗು, ಅಷ್ಟೆ." ಅವಳು ನನ್ನ ಪಕ್ಕದಲ್ಲೇ ಕೂತಳು, ಬೆನ್ನ ಮೇಲಿನ ಕೈ ತೆಗೆಯಲಿಲ್ಲ.

"ಆಮೇಲೆ ಹೇಳಪ್ಪ. ಇನ್ನೇನೇನು ಮಾಡ್ತಿದ್ಲು ಅಮ್ಮ?"

ಅವರು ಲೋಟವನ್ನು ಆ ಕಡೆ ಸರಿಸಿ, ಡಬ್ಬದ ಮೇಲೆ ಸರಿಯಾಗಿ ಕೂತುಕೊಂಡರು. "ಒಂದು ಸಲ ದೀಪಾವಳಿಗೆ ಹೋಳಿಗೆ ಮಾಡ್ತೀನಿ ಅಂದ್ಲು" ಅಂತ ಶುರು ಮಾಡಿದರು. ಬಾಣಲೆಯಲ್ಲಿ ಶೇಂಗಾ ಸೀಯುತ್ತಿರುವುದು ಮೂವರಿಗೂ ಗೊತ್ತಾಗುತ್ತಿತ್ತು. ಯಾರೂ ಕೈ ಚಾಚಲಿಲ್ಲ.